ಹರಳುಪ್ಪು, ಅಕ್ಕಿ ತರಿ, ಹಸಿ ಪಪ್ಪಾಯಿ

ಹರಳುಪ್ಪನ್ನು ಮಿಕ್ಸಿಗೆ ಹಾಕಬಾರದು. ಮಿಕ್ಸಿ ಅದನ್ನು ಹಿಟ್ಟು ಮಾಡಿಬಿಡುತ್ತದೆ, ಹಿಟ್ಟಾದ ಉಪ್ಪು ಒದ್ದೆ ಮೈಗೆ ತಾಗಿದ ಕೂಡಲೇ ಕರಗಿ ನಾಪತ್ತೆ. ಕಲ್ಲಿನಲ್ಲಿ ಕುಟ್ಟಬೇಕು, ಎರಡು ಸಲ ಜರಡಿ ಹಿಡಿಯಬೇಕು, ಸಾಸಿವೆಗಿಂತ ಸಣ್ಣದು, ಪುಡಿ ಸಕ್ಕರೆಗಿಂತ ದಪ್ಪದು, ಅಷ್ಟನ್ನು ಮಾತ್ರ ಬೇರೆ ತೆಗೆದಿಡಬೇಕು. ಆ ವರ್ಷ ನನಗೆ ಜಗತ್ತಿನಲ್ಲಿ ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿರಲಿಲ್ಲ. ಹತ್ತೊಂಬತ್ತು ವರ್ಷ, ಓದು ಮುಗಿದು ಆರು ತಿಂಗಳು, ಕೈಯಲ್ಲೊಂದು ಫೋನು, ಅಟ್ಟದ ಮೇಲೆ ಸಾಲು ಸಾಲು ಖಾಲಿ ಜಾಮ್ ಬಾಟಲಿ. ಕಾಫಿ ಗಸಿ, ಕಿತ್ತಳೆ ಸಿಪ್ಪೆ, ಓಟ್ಸು, ಜೇನುತುಪ್ಪ, ಕೈಗೆ ಸಿಕ್ಕಿದ್ದನ್ನೆಲ್ಲ ಅರೆದು, ಮೈಯುಜ್ಜಲೆಂದು ಎಣ್ಣೆಯಲ್ಲಿ ಕಲಸಿ, ಬಾಟಲಿಗೆ ತುಂಬಿ, ಮೇಲೆ ಚೀಟಿ ಅಂಟಿಸಿ, ಮೆಟ್ಟಿಲ ಮೇಲೆ ಯಾರ ಮೊಣಕೈ ಕಪ್ಪಾಗಿ ಕಂಡರೂ ಬೆನ್ನು ಹತ್ತುತ್ತಿದ್ದೆ.

"ತಿನ್ನೋದನ್ನೆಲ್ಲ ಮೈಗೆ ಬಳ್ಕೊಳ್ತಾಳೆ. ಸೋಪನ್ನ ಯಾವತ್ತು ತಟ್ಟೆಗೆ ಬಡಿಸ್ತಾಳೋ ಕಾಯ್ತಾ ಇದೀನಿ," ಎನ್ನುತ್ತಿದ್ದಳು ಅಜ್ಜಿ.

"ಅಜ್ಜಿ, ಮೇಲಿರೋದು ಸತ್ತ ಚರ್ಮ. ಅದು ಹೋದ್ರೆ ಒಳಗಿನ ಹೊಸ ಚರ್ಮ ಹೊಳೆಯತ್ತೆ."

"ನಂದು ಪೂರ್ತಿ ಸತ್ತಿರೋದೇ ಕಣೇ. ಅದನ್ನೂ ಉಜ್ಜಿ ತೆಗೆದ್ರೆ ಒಳಗೆ ಯಾರೂ ಸಿಗಲ್ಲ."

ನಾವಿದ್ದದ್ದು ಎರಡನೇ ಮಹಡಿಯಲ್ಲಿ. ನಾಲ್ಕು ಮನೆಗೆ ಒಂದೇ ಬಚ್ಚಲು, ಓಣಿಯಂಥ ಉದ್ದನೆ ಮೊಗಸಾಲೆಯ ತುದಿಯಲ್ಲಿ. ನನ್ನ ಕಾಫಿ ಗಸಿ ಎರಡು ಸಲ ಆ ಬಚ್ಚಲಿನ ಕೊಳವೆ ಕಟ್ಟಿಸಿ, ಕೆಳಗಿನ ದರ್ಜಿಯ ಗೋಡೆಯ ಮೇಲೆ ಕಂದು ನೀರು ಇಳಿಸಿತ್ತು. ಅವನು ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಮೇಲೆ ಬಂದು, "ನಿಮ್ಮ ಹುಡುಗಿಗೆ ಮದುವೆ ಮಾಡ್ರಮ್ಮ, ಇಲ್ಲಾ ನನಗೆ ಬೇರೆ ಮನೆ ನೋಡ್ಕೊಡಿ," ಎಂದು ಕೂಗಾಡಿ ಹೋಗಿದ್ದ. ಮರುವಾರ ಅವನ ಹೆಂಡತಿ ಸದ್ದಿಲ್ಲದೆ ಬಂದು ಒಂದು ಬಾಟಲಿ ಒಯ್ದಳು.

ಅಪ್ಪ ಫೋಟೋದಲ್ಲಿದ್ದ. ಮನೆ ನಡೆಯುತ್ತಿದ್ದದ್ದು ಅಮ್ಮನ ಕೈಯಿಂದ.

ಆ ಕೈಯ ಬಗ್ಗೆ ಹೇಳಬೇಕು. ಅಮ್ಮ ನಲ್ಲಿ ತಯಾರಿಸುವ ಕಾರ್ಖಾನೆಯಲ್ಲಿ ಪಾಲಿಷ್ ಶೆಡ್ಡಿನವಳು. ಎರಕ ಹೊಯ್ದ ಹಿತ್ತಾಳೆ ನಲ್ಲಿ ಒರಟಾಗಿ ಬರುತ್ತದೆ. ಅದನ್ನು ಗಿರ್ರನೆ ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದು ಕನ್ನಡಿಯಂತೆ ಮಾಡುವುದು ಅವಳ ಕೆಲಸ. ಚಕ್ರಕ್ಕೆ ಆಗಾಗ ಕರಿ ಮೇಣದ ಗಟ್ಟಿಯೊಂದನ್ನು ತಾಗಿಸಬೇಕು, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳಿರುತ್ತದೆ. ಕೈಗವಸು ಹಾಕುವ ಹಾಗಿಲ್ಲ, ಹಾಕಿದರೆ ಚಕ್ರ ಗವಸನ್ನೂ ಕೈಯನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಹೀಗಾಗಿ ಬರಿಗೈ, ಹತ್ತೊಂಬತ್ತು ವರ್ಷ, ದಿನಕ್ಕೆ ಒಂಬತ್ತು ಗಂಟೆ. ಅವಳ ಬೆರಳ ತುದಿಗಳು ಇದ್ದಿಲಿನ ತುಂಡುಗಳಂತಿದ್ದವು. ಅನ್ನ ಕಲಸುವಾಗ ಚಮಚ ಹಿಡಿಯುತ್ತಿದ್ದಳು. ನನ್ನ ಜಡೆ ಹಾಕುತ್ತಿದ್ದವಳು ಯಾವಾಗಲೂ ಅಜ್ಜಿ.

ಅಮ್ಮನದು ಒಂದೇ ಒಂದು ಕಟ್ಟುನಿಟ್ಟು. ಊಟದ ಡಬ್ಬಿ ಮರೆತು ಹೋದರೂ ಸರಿ, ಮಳೆಗೆ ಕೊಡೆ ತರಬೇಕಾದರೂ ಸರಿ, ನಾನು ಕಾರ್ಖಾನೆಯ ಗೇಟು ದಾಟಬಾರದು. "ಹೊರಗೆ ನಿಂತು ಕೂಗು. ಒಳಗೆ ಕಾಲಿಟ್ಟರೆ ಕಾಲು ಮುರೀತೀನಿ." ಒಮ್ಮೆಯೂ ನನ್ನ ಮೇಲೆ ಕೈ ಮಾಡದ ಹೆಂಗಸು ಇದೊಂದನ್ನು ಹೇಳುವಾಗ ಮಾತ್ರ ನಗುತ್ತಿರಲಿಲ್ಲ.

ಆ ಬುಧವಾರ ಸಂಜೆ ಅಮ್ಮನ ಹಿಂದೆಯೇ ರೇಡಿಯೋ ಅಕ್ಕನೂ ಮೆಟ್ಟಿಲು ಹತ್ತಿ ಬಂದಳು. ಅಮ್ಮನ ಪಕ್ಕದ ಚಕ್ರದವಳು. ಚಕ್ರದ ಸದ್ದನ್ನೂ ಮೀರಿ ಇಡೀ ದಿನ ಮಾತಾಡುವುದರಿಂದ ಆ ಹೆಸರು. ಅಮ್ಮ ಚಪ್ಪಲಿ ಬಿಚ್ಚಿ ಗೋಡೆಗೊರಗಿ ಕೂತಳು, ಟೀ ಮುಟ್ಟಲಿಲ್ಲ.

"ಏನಾಯ್ತಮ್ಮಾ?"

"ಬೆರಳು ಒತ್ತಿಸ್ಕೊಳ್ಳೋ ಮಷೀನು ಬಂದಿದೆ," ಎಂದಳು ರೇಡಿಯೋ ಅಕ್ಕ, ಕೇಳಿದ್ದು ತನ್ನನ್ನೇ ಎಂಬಂತೆ. "ಕಂಪನಿ ಕೈ ಬದಲಾಯ್ತಲ್ಲ, ಹೊಸಬರಿಗೆ ಪಟ್ಟಿ ಬೇಕಂತೆ. ಯಾರ ಬೆರಳು ಮಷೀನಿನೊಳಗೆ ಹೋಗತ್ತೋ ಅವರು ಕಾಯಂ. ರಜೆ, ಆಸ್ಪತ್ರೆ, ವಯಸ್ಸಾದ ಮೇಲೆ ಪೆನ್ಷನ್, ಎಲ್ಲ. ಹೋಗದೇ ಇದ್ದವರು ಮನೆಗೆ. ನಿಮ್ಮಮ್ಮಂದು ಹೋಗಲಿಲ್ಲ."

"ಹೋಗಲಿಲ್ಲ ಅಂದ್ರೆ?"

"ಕೆಂಪು ದೀಪ ಬಂತು," ಎಂದಳು ಅಮ್ಮ. "ಒತ್ತಿದರೆ ಪರದೆ ಮೇಲೆ ಕರೀ ಮಚ್ಚೆ. ಗೆರೆ ಕಾಣ್ತಿಲ್ಲ, ಕೊಳೆ ತೆಗೆದು ಬಾ ಅಂದ ಆ ಹುಡುಗ. ಮಷೀನು ಇನ್ನೊಂದು ಘಟಕಕ್ಕೆ ಹೋಯ್ತು. ಸೋಮವಾರ ಮತ್ತೆ ಬರತ್ತೆ, ಮಧ್ಯಾಹ್ನ ಹನ್ನೆರಡಕ್ಕೆ ಪಟ್ಟಿ ಮುಗಿಯತ್ತೆ."

"ನಂಗೂ ಕೆಂಪೇ ಬಂದಿದ್ದು," ಎಂದಳು ರೇಡಿಯೋ ಅಕ್ಕ. "ಡಬ್ಬೀಲಿದ್ದ ಪಲ್ಯದ ಎಣ್ಣೆ ಸವರ್ಕೊಂಡು ಬಟ್ಟೇಲಿ ಮೆಲ್ಲಗೆ ಒರೆಸ್ದೆ ನೋಡು, ಮೂರನೇ ಸಲಕ್ಕೆ ಹಸಿರು! ನೀನೂ ಅಷ್ಟೇ ಮಾಡು. ಉಜ್ಜಕ್ಕೆ ಹೋಗ್ಬೇಡ. ನಮ್ಮ ಬೆರಳಲ್ಲಿ ಉಳಿದಿರೋದೇ ಅಷ್ಟು."

ನಾನು ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಮನಸ್ಸು ಆಗಲೇ ಅಟ್ಟ ಹತ್ತಿ ಬಾಟಲಿ ಇಳಿಸುತ್ತಿತ್ತು. ಇಡೀ ಬೀದಿಯ ಮೊಣಕೈ ಹಿಂದೆ ಓಡಾಡಿದವಳಿಗೆ ಮನೆಯೊಳಗಿನ ಈ ಹತ್ತು ಬೆರಳು ಇಷ್ಟು ದಿನ ಹೇಗೆ ಕಾಣಲಿಲ್ಲ?

"ಎಣ್ಣೆ ಸವರಿದ್ರೆ ಕೊಳೆ ಮೇಲೆ ಇನ್ನೊಂದು ಕೊಳೆ ಅಷ್ಟೇ ಅಕ್ಕ. ನಾಲ್ಕು ದಿನ ಇದೆ. ಅಮ್ಮನ ಕೈಯನ್ನ ಹುಟ್ಟಿದ ಮಗು ಕೈ ಮಾಡಿ ಕಳಿಸ್ತೀನಿ, ನೋಡ್ತಿರಿ."

ಅಮ್ಮ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಅಂಥ ನಂಬಿಕೆಯನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಕಿಟಕಿಯ ಬೆಳಕಿಗೆ ಅವಳ ಅಂಗೈ ಹಿಡಿದು ಫೋಟೋ ತೆಗೆದೆ. ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಎಂದು ಜೋಡಿ ಫೋಟೋ ಹಾಕಿದರೆ ಜನ ಮುಗಿಬೀಳುತ್ತಾರೆ.

ಗುರುವಾರ ಸಕ್ಕರೆ ಮತ್ತು ಎಣ್ಣೆ. ಅಮ್ಮ ಕೆಲಸದಿಂದ ಬಂದು ಸ್ಟೂಲಿನ ಮೇಲೆ ಕೂತಳು, ನಾನು ನೆಲದ ಮೇಲೆ, ನಡುವೆ ಬಿಸಿನೀರಿನ ಬೋಗುಣಿ. ಒಂದೊಂದೇ ಬೆರಳನ್ನು ಹಿಡಿದು ಸಣ್ಣ ಸಣ್ಣ ಸುತ್ತು ಉಜ್ಜಿದೆ. ನೀರು ಬೂದಿ ಬಣ್ಣಕ್ಕೆ ತಿರುಗಿತು, ಬೆರಳು ಹಾಗೇ ಉಳಿಯಿತು. ಶುಕ್ರವಾರ ಕಾಫಿ ಗಸಿ, ನಿಂಬೆ ರಸ, ಕುಟ್ಟಿದ ಉಪ್ಪು. ಅಂಗೈ ತಿಳಿಯಾಯಿತು. ಆದರೆ ತುದಿಗಳಲ್ಲಿ ಕರಿ ಮೇಣ ಚರ್ಮದೊಳಕ್ಕೇ ಇಳಿದು ಕೂತಿತ್ತು.

"ಉರೀತಿದೆಯಾ ಅಮ್ಮ?"

"ಇಲ್ಲ. ನೀನು ಮಾಡು."

ನಿಂಬೆ ರಸ, ಉಪ್ಪು, ತೊಗಲು ಬಿಟ್ಟ ಬೆರಳು. ಉರಿಯದೆ ಇರುತ್ತದೆಯೇ? ಆದರೂ ಅವಳು ಕೈ ಎಳೆದುಕೊಳ್ಳಲಿಲ್ಲ. ಆ ಅರ್ಧ ಗಂಟೆ ಅವಳಿಗೆ ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಯಾರೂ ಅವಳ ಕೈಯನ್ನು ಅಷ್ಟು ಹೊತ್ತು ಹಿಡಿದುಕೊಂಡು ಕೂತಿರಲಿಲ್ಲ. ಮಾತು ಕಡಿಮೆಯ ಹೆಂಗಸು ಆ ನಾಲ್ಕು ದಿನ ಮಾತಾಡಿದಳು.

"ಹೊಳಪು ಬಂತಾ ಇಲ್ವಾ ಅಂತ ಕಣ್ಣಲ್ಲಿ ನೋಡೋದಲ್ಲ, ಗೊತ್ತಾ? ಕಣ್ಣಿಗೆ ಎಲ್ಲ ಒಂದೇ ಥರ ಹೊಳೆಯತ್ತೆ. ಹೀಗೆ ಹೆಬ್ಬೆರಳು ಸವರಬೇಕು. ಕೂದಲಿನಷ್ಟು ಗೀರಿದ್ರೂ ಬೆರಳು ಹೇಳತ್ತೆ. ಮೇಸ್ತ್ರಿನೇ ಅನುಮಾನ ಬಂದ್ರೆ ನನ್ನ ಹತ್ರ ತರ್ತಾನೆ. ಒಂದ್ಸಲ ಸವರಿ ನೋಡಮ್ಮ ಅಂತಾನೆ."

"ಹಾಗಿದ್ರೆ ನೀನೇ ದೊಡ್ಡ ಮಷೀನು."

"ಹೂಂ, ನನಗೆ ದೀಪ ಒಂದಿಲ್ಲ ಅಷ್ಟೇ."

ಅಜ್ಜಿ ಮೂಲೆಯಿಂದ, "ದೀಪ ಇಲ್ದೇ ಏನು, ಎರಡು ಕಣ್ಣೂ ಕೆಂಪಗಿದೆ," ಎಂದಳು. ಮೂವರೂ ನಕ್ಕೆವು.

"ಕಾಯಂ ಆದ್ರೆ ನೀನು ಆ ಚರ್ಮದ ಕೋರ್ಸೋ ಏನೋ ಅಂತೀಯಲ್ಲ, ಅದಕ್ಕೆ ಸೇರ್ಕೋ," ಎಂದಳು ಅಮ್ಮ. "ಬಿಳೀ ಕೋಟು ಹಾಕ್ಕೊಂಡು ಏಸಿ ರೂಮಲ್ಲಿ ಬೇರೆಯವರ ಮುಖ ಉಜ್ಜು. ನನಗೆ ಅಷ್ಟು ಸಾಕು."

ಶನಿವಾರ ಬೆಳಿಗ್ಗೆ ನಾನು ಹಸಿ ಪಪ್ಪಾಯಿ ತಂದೆ. ಅದರ ಹಾಲು ಮಾಂಸವನ್ನೇ ಮೆತ್ತಗೆ ಮಾಡುತ್ತದೆ, ಸತ್ತ ಚರ್ಮ ಯಾವ ಲೆಕ್ಕ? ತುರಿದು, ಹಿಂಡದೆ ಹಾಗೇ ಎರಡು ಬಟ್ಟಲಿಗೆ ತುಂಬಿ, ಅಮ್ಮನ ಎರಡೂ ಕೈಯ ಬೆರಳನ್ನು ಅದರಲ್ಲಿ ಹುದುಗಿಸಿ, ಮುಕ್ಕಾಲು ಗಂಟೆ ಅಲುಗಾಡದೆ ಕೂರಿಸಿದೆ. ಮೂಗು ತುರಿಸಿದರೆ ಅಜ್ಜಿ ಕೆರೆಯಬೇಕು. ಆಮೇಲೆ ಹರಳುಪ್ಪು, ಅಕ್ಕಿ ತರಿ, ನಾಲ್ಕು ಹನಿ ಎಣ್ಣೆ. ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದ್ದಿ, ಒಂದು ಬೆರಳಿಗೆ ಇನ್ನೂರು ಸುತ್ತು. ಎಣಿಸಿ ಎಣಿಸಿ ಉಜ್ಜಿದೆ. ಬ್ರಷ್ಷಿನ ಕೂದಲಿನ ನಡುವೆ ಕರೀ ಎಳೆ ಎಳೆಯಾಗಿ ಏನೋ ಬರತೊಡಗಿತು. ನನಗೆ ಕುಣಿಯುವಂತಾಯಿತು.

"ಬಂತು ಬಂತು! ಅಜ್ಜೀ, ಬಂತು ನೋಡು!"

ಅಜ್ಜಿ ಬಗ್ಗಿ ನೋಡಿ, "ಏನು ಬಂತೇ? ಬೇಕಾದ್ದೋ ಬೇಡದ್ದೋ?" ಎಂದಳು. ಅವಳು ಕೇಳಿದ್ದು ತಮಾಷೆಗೆ ಇರಬೇಕು. ಎಣಿಕೆ ತಪ್ಪದಂತೆ ನಾನು ಉಜ್ಜುತ್ತಲೇ ಇದ್ದೆ.

ಭಾನುವಾರ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಇನ್ನೊಂದು ಸಲ. ಸಂಜೆಗೆ ಮುಗಿಯಿತು. ಅಮ್ಮನ ಬೆರಳ ತುದಿಗಳು ಗುಲಾಬಿ ಬಣ್ಣಕ್ಕೆ ಬಂದಿದ್ದವು, ನಯವಾಗಿ, ಒದ್ದೆಯಾಗಿ, ಈಗಷ್ಟೇ ಸಿಪ್ಪೆ ಸುಲಿದ ಏನನ್ನೋ ನೋಡಿದ ಹಾಗೆ. ಅವಳು ಅವನ್ನು ಕಿಟಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. ಬೇರೆ ಯಾರದೋ ಕೈ ಎರವಲು ತಂದವಳಂತೆ ಕಂಡಳು. ಆಮೇಲೆ ಮೊದಲ ಬಾರಿಗೆ, ಹೆದರುತ್ತ ಹೆದರುತ್ತ, ಆ ಕೈಯಿಂದ ನನ್ನ ಕೆನ್ನೆ ಮುಟ್ಟಿದಳು.

"ಏನೂ ಗೊತ್ತಾಗ್ತಿಲ್ಲವಲ್ಲೇ," ಎಂದಳು.

"ಏನು ಗೊತ್ತಾಗ್ಬೇಕು?"

"ನಿನ್ನ ಕೆನ್ನೆ. ಉರಿ ಗೊತ್ತಾಗತ್ತೆ, ಕೆನ್ನೆ ಗೊತ್ತಾಗ್ತಿಲ್ಲ."

ಅಜ್ಜಿ ನೀರು ಕೊಟ್ಟಳು. ಸ್ಟೀಲಿನ ಲೋಟ ಅಮ್ಮನ ಕೈಯಿಂದ ಜಾರಿ ಠಣ್ಣೆಂದು ಬಿತ್ತು. ಎತ್ತಿ ಕೊಟ್ಟೆ, ಮತ್ತೆ ಜಾರಿತು. "ಹೊಸ ಕೈ, ಇನ್ನೂ ಪಳಗಿಲ್ಲ," ಎಂದು ನಾನೇ ಲೋಟ ಹಿಡಿದು ಕುಡಿಸಿದೆ. ನಕ್ಕೆವು. ಆಮೇಲೆ ಎರಡನೇ ಫೋಟೋ ತೆಗೆದು, ಎರಡನ್ನೂ ಜೋಡಿಸಿ ಹಾಕಿದೆ. 'ಹತ್ತೊಂಬತ್ತು ವರ್ಷದ ಕೊಳೆ, ನಾಲ್ಕು ದಿನದಲ್ಲಿ! ಎಲ್ಲ ನೈಸರ್ಗಿಕ!' ಊಟಕ್ಕೆ ಏಳುವಷ್ಟರಲ್ಲಿ ನೂರಾರು ಹೃದಯ ಬಂದು ಬಿದ್ದಿದ್ದವು. ಯಾರೋ, 'ಅಮ್ಮ ಪುಣ್ಯವಂತೆ' ಎಂದು ಬರೆದಿದ್ದರು. ಅದನ್ನು ಅಮ್ಮನಿಗೆ ಓದಿ ಹೇಳಿದೆ.

ಸೋಮವಾರ ನಾನೂ ಜೊತೆಗೆ ಹೊರಟೆ. ಹಸಿರು ದೀಪವನ್ನು ಕಣ್ಣಾರೆ ನೋಡಬೇಕಿತ್ತು.

"ಗೇಟಿನ ಹೊರಗೇ," ಎಂದಳು ಅಮ್ಮ.

"ಮಷೀನಿರೋದೇ ಹೊರಗಿನ ಕಾವಲು ಕೋಣೆಯಲ್ಲಿ ಅಂದ್ಯಲ್ಲ."

"ಅಲ್ಲೇ. ಅಲ್ಲಿಂದ ಒಂದು ಹೆಜ್ಜೆ ಮುಂದಕ್ಕಿಲ್ಲ."

ಕೋಣೆಯ ಮುಂದೆ ಸಾಲು ಗೋಡೆಗುಂಟ ಬೆಳೆದಿತ್ತು. ಬಹುಪಾಲು ಪಾಲಿಷ್ ಶೆಡ್ಡಿನವರೇ, ಬುಧವಾರ ಕೆಂಪು ಕಂಡವರು. ಒಳಗಿನಿಂದ ಚಕ್ರಗಳ ಸದ್ದು ಒಂದೇ ಸಮನೆ ಕೇಳುತ್ತಿತ್ತು, ಸಾವಿರ ಜೇನುಹುಳಗಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿದಂತೆ. ಎಲ್ಲರೂ ಬೆರಳಿಗೆ ಎಣ್ಣೆ ಸವರಿಕೊಂಡು, ಚಿಂದಿಯಲ್ಲಿ ಒರೆಸಿಕೊಳ್ಳುತ್ತ ನಿಂತಿದ್ದರು. ಅವರ ಬೆರಳು ಇನ್ನೂ ಕಪ್ಪೇ. ಪಾಪ, ಇವರಿಗೆ ಯಾರೂ ಇಲ್ಲ ಹೇಳಿಕೊಡುವವರು ಎಂದುಕೊಂಡೆ. ಒಬ್ಬೊಬ್ಬರೇ ಒಳಗೆ ಹೋಗುತ್ತಿದ್ದರು. ಕೆಂಪು, ಕೆಂಪು, ಹಸಿರು. ಕೆಂಪು, ಹಸಿರು. ಹಸಿರು ಬಂದಾಗ ಮಷೀನು ಮೂರು ಸ್ವರದ ಒಂದು ಸಣ್ಣ ರಾಗ ಹಾಡುತ್ತಿತ್ತು.

ಅಮ್ಮನ ಸರದಿ ಬಂದಾಗ ಹತ್ತೂ ಮುಕ್ಕಾಲು.

ಮಷೀನಿನ ಹುಡುಗ ಕತ್ತೆತ್ತಿ, "ಅರೆ, ಬುಧವಾರದ ಅಮ್ಮನಾ? ಇದೇನು ಕೈ ಇಷ್ಟು ಕ್ಲೀನು!" ಎಂದ. ಅಮ್ಮ ತಿರುಗಿ ನನ್ನನ್ನು ತೋರಿಸಿದಳು. "ನನ್ನ ಮಗಳು ಮಾಡಿದ್ದು."

ಬಲ ಹೆಬ್ಬೆರಳು. ಕೆಂಪು.

ಎಡ ಹೆಬ್ಬೆರಳು. ಕೆಂಪು.

"ತೋರುಬೆರಳಿಡಿ. ಒತ್ತಿ. ಇನ್ನೂ ಸ್ವಲ್ಪ." ಕೆಂಪು. ಅವನು ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು ಒರೆಸಿದ. ಮಷೀನನ್ನು ಆರಿಸಿ ಹೊತ್ತಿಸಿದ. ಹತ್ತೂ ಬೆರಳು, ಒಂದಾದ ಮೇಲೊಂದು. ಪರದೆಯನ್ನು ನಾನಿದ್ದ ಕಡೆಗೆ ತಿರುಗಿಸಿದಾಗ ಅದರ ಮೇಲೆ ಕರಿ ಮಚ್ಚೆ ಇರಲಿಲ್ಲ. ಏನೂ ಇರಲಿಲ್ಲ. ಖಾಲಿ ಚೌಕ, ಕೆಳಗೆ ಒಂದು ಸಾಲು.

"ಏನು ಬರೆದಿದೆ?" ಎಂದಳು ಅಮ್ಮ.

ಅವನು ಓದಿ ಹೇಳಿದ. "ಬೆರಳಿಡಿ ಅಂತಿದೆ. ನೀವು ಇಟ್ಟೇ ಇಲ್ಲ ಅಂದ್ಕೊಂಡಿದೆ ಅದು."

ನಾನು ಫೋನು ತೆಗೆದು ಆ ಜೋಡಿ ಫೋಟೋ ದೊಡ್ಡದು ಮಾಡಿದೆ. ಬುಧವಾರದ ಹೆಬ್ಬೆರಳು, ಕಪ್ಪು. ಆದರೆ ಆ ಕಪ್ಪಿನ ನಡುವೆ, ಹತ್ತಿರದಿಂದ ನೋಡಿದರೆ, ಸಣ್ಣ ಸಣ್ಣ ಗೆರೆಗಳು. ಸವೆದು ಸವೆದು ದಾರದಷ್ಟೂ ಉಳಿಯದ ಸಾಲುಗಳು, ಅವುಗಳ ಸಂದಿಯಲ್ಲಿ ಮೇಣ ತುಂಬಿಕೊಂಡಿದ್ದಕ್ಕೇ ಕಾಣುವಂಥವು. ಭಾನುವಾರದ ಹೆಬ್ಬೆರಳು, ಗುಲಾಬಿ. ಎಷ್ಟು ದೊಡ್ಡದು ಮಾಡಿದರೂ ಗುಲಾಬಿಯೇ. ಗಾಜಿನ ಗೋಲಿಯ ಹಾಗೆ. ಒಂದು ಬೆರಳಿಗೆ ಇನ್ನೂರು ಸುತ್ತು.

"ನೋಡಿ, ಇದರಲ್ಲಿ ಗೆರೆ ಇದೆ!" ಎಂದು ಕೂಗುತ್ತ ಫೋನನ್ನು ಅವನ ಮುಖಕ್ಕೆ ಹಿಡಿದೆ. "ಬುಧವಾರ ಇತ್ತು! ಇದೇ ಕೈ!"

"ಮಷೀನಿಗೆ ಫೋಟೋ ತೋರಿಸಕ್ಕಾಗಲ್ಲಮ್ಮ," ಎಂದ ಅವನು, ಬೈಯುವ ದನಿಯಲ್ಲಲ್ಲ. "ಸ್ವಲ್ಪ ಎಣ್ಣೆ ಸವರಿ ಬಂದಿದ್ರೆ ಹೇಗೋ ಸಿಗ್ತಿತ್ತು. ಚರ್ಮ ಮತ್ತೆ ಬೆಳೆಯತ್ತೆ. ಒಂದು ತಿಂಗಳಾದ ಮೇಲೆ ಬಂದ್ರೆ ಗೆರೆ ಬಂದಿರತ್ತೆ."

"ತಿಂಗಳಾದ ಮೇಲೆ ತಗೋತೀರಾ?"

"ನನ್ನ ಕೈಲಿಲ್ಲ. ಹನ್ನೆರಡಕ್ಕೆ ಪಟ್ಟಿ ಹೋಗತ್ತೆ."

ರೇಡಿಯೋ ಅಕ್ಕ ಒಳಗಿನಿಂದ ಓಡಿ ಬಂದಳು, ಯಾರೋ ಸುದ್ದಿ ಮುಟ್ಟಿಸಿದ್ದರು. ಅಮ್ಮನ ಕೈ ಹಿಡಿದು ನೋಡಿದಳು. ಅವಳ ಬಾಯಿಂದ ಮಾತು ಹೊರಡದ್ದನ್ನು ಅಂದೇ ನೋಡಿದ್ದು. ತನ್ನ ಕಿಸೆಯಿಂದ ಎಣ್ಣೆಯ ಚಿಂದಿ ತೆಗೆದು ಅಮ್ಮನ ಬೆರಳಿಗೆ ಸವರಿದಳು. ಕರಿ ಮೇಣದ ಚೂರನ್ನು ಉಜ್ಜಿದಳು. ಅದು ನಿಲ್ಲಲಿಲ್ಲ, ನಿಲ್ಲಲು ಸಂದಿಗಳೇ ಇರಲಿಲ್ಲ. ಜಾರಿ ಹೋಯಿತು.

ಅಮ್ಮ ಮತ್ತೆ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಮೈಯ ಭಾರವನ್ನೆಲ್ಲ ಆ ಹೆಬ್ಬೆರಳಿನ ಮೇಲೆ ಹಾಕಿ, ಚಕ್ರಕ್ಕೆ ನಲ್ಲಿ ಒತ್ತುವ ಹಾಗೆ, ಹಲ್ಲು ಕಚ್ಚಿ. ಗಾಜಿನ ಮೇಲೆ ಕೆಂಪಾಗಿ ಏನೋ ಕಂಡಿತು. ದೀಪದ್ದೆಂದುಕೊಂಡೆ. ಹುಡುಗ ಬಟ್ಟೆ ತೆಗೆದು ಅದನ್ನು ಒರೆಸಿದ. ಒರೆಸಿ, ಬಟ್ಟೆಯನ್ನು ನೋಡಿ, ಮಡಿಸಿ ಒಳಗಿಟ್ಟ.

"ಸಾಕಮ್ಮ, ಬಿಡಿ," ಎಂದ.

ಹನ್ನೊಂದೂವರೆಗೆ ಮೇಸ್ತ್ರಿ ಬಂದ. ಅಮ್ಮನ ಹತ್ತಿರ ನಲ್ಲಿ ತಂದು ಸವರಿಸುತ್ತಿದ್ದ ಅದೇ ಮನುಷ್ಯ, ನರೆತ ಮೀಸೆ, ಕಿವಿಯ ಮೇಲೆ ಪೆನ್ಸಿಲು. ಅಮ್ಮನ ಬೆರಳು ನೋಡಿ ತಲೆ ಕೆರೆದುಕೊಂಡ.

"ಏನಮ್ಮಾ ಇದು, ಇರೋ ಒಂದನ್ನೂ ಕಳ್ಕೊಂಡು ಬಂದಿದೀಯ."

"ಕೈ ಇದೆಯಲ್ಲ," ಎಂದಳು ಅಮ್ಮ. "ಕೆಲಸ ಮಾಡೋದು ಕೈ. ನಿಮಗೆ ಗೊತ್ತು ನನ್ನ ಕೈ. ನೀವು ಹೇಳಿ ಅವರಿಗೆ."

"ನಾನು ಹೇಳಿದ್ರೆ ಮಷೀನು ಕೇಳಲ್ಲ. ಮೇಲಿನವರು ನನ್ನನ್ನೂ ಕೇಳಲ್ಲ, ಮಷೀನನ್ನೇ ಕೇಳ್ತಾರೆ." ಅವನು ಗಡಿಯಾರ ನೋಡಿದ. "ಒಂದು ಚಕ್ರ ಖಾಲಿ ಅಂತ ಕಂಡ್ರೆ ಆ ಚಕ್ರನೇ ತೆಗೆದುಬಿಡ್ತಾರೆ. ಪಟ್ಟಿ ಹೋಗೋಕೆ ಮುಂಚೆ ಮನೆಯವರು ಯಾರಾದ್ರೂ ಬಂದ್ರೆ ಇದೇ ಜಾಗಕ್ಕೆ ಹಾಕಿ ಕಳಿಸ್ತೀನಿ. ಅಷ್ಟು ನನ್ನ ಕೈಲಾಗತ್ತೆ. ಹೊಸ ಕೈ ಅಂತ ಬರ್ಕೊಳ್ತೀನಿ, ಕಾಯಂ ಆಗಲ್ಲ, ಆದ್ರೆ ಜಾಗ ಉಳಿಯತ್ತೆ."

ಯಾರೂ ನನ್ನ ಹೆಸರು ಹೇಳಲಿಲ್ಲ. ಯಾರೂ ನನ್ನ ಕಡೆ ನೋಡಲೂ ಇಲ್ಲ. ಆದರೆ ಅಮ್ಮ ಸರಕ್ಕನೆ ನನಗೂ ಅವನಿಗೂ ನಡುವೆ ಬಂದು ನಿಂತಳು.

"ಬೇಡ."

"ನೋಡಮ್ಮ, ನಿನ್ನಿಷ್ಟ..."

"ಅವಳಿಗೆ ಬರಲ್ಲ ಈ ಕೆಲಸ. ಧೂಳಾಗಲ್ಲ ಅವಳಿಗೆ. ಅವಳು ಬೇರೆ ಓದ್ತಾಳೆ."

"ಏನು ಓದ್ತಾಳೆ?"

"ಚರ್ಮದ್ದು," ಎಂದಳು.

ಯಾರೂ ನಗಲಿಲ್ಲ. ಹನ್ನೊಂದು ಐವತ್ತು. ಕೋಣೆಯೊಳಗೆ ಇನ್ನೊಬ್ಬಳು ಹೋದಳು. ಕೆಂಪು, ಹಸಿರು, ಮೂರು ಸ್ವರ. ಮನೆಯಲ್ಲಿ ಅಜ್ಜಿ ಬಾಗಿಲಲ್ಲಿ ಕೂತು ಕಾಯುತ್ತಿರುತ್ತಾಳೆ. ಅಟ್ಟದ ಮೇಲೆ ಬಾಟಲಿಗಳಿವೆ. ಅಮ್ಮನ ಬೆರಳ ತುದಿಯಿಂದ ರಕ್ತ ಇಳಿದು ಉಗುರಿನ ಅಂಚಿಗೆ ನಿಂತಿತ್ತು. ಅದನ್ನು ಹೀಗೆ ಮಾಡಿದವಳು ನಾನು. ಬೇರೆ ಯಾರ ಕೈಯೂ ಅದರಲ್ಲಿರಲಿಲ್ಲ.

ನಾನು ಅಮ್ಮನ ಪಕ್ಕದಿಂದ ಸರಿದು ಮುಂದೆ ಹೋಗಿ ಹೆಬ್ಬೆರಳಿಟ್ಟೆ.

ಒಂದೇ ಸಲ. ಗಟ್ಟಿಯಾಗಿ ಒತ್ತಲೂ ಇಲ್ಲ. ಹಸಿರು. ಪರದೆಯ ತುಂಬ ಗೆರೆಗಳು ಅರಳಿಕೊಂಡವು, ಸುಳಿ ಸುಳಿಯಾಗಿ, ಒಂದೂ ತುಂಡಾಗದೆ.

"ಎಷ್ಟು ಚೆನ್ನಾಗಿದೆ ನೋಡಿ," ಎಂದ ಮಷೀನಿನ ಹುಡುಗ, ಮನಸಾರೆ. "ಬೆಳಗಿಂದ ಇಂಥ ಬೆರಳು ಒಂದೂ ಬಂದಿಲ್ಲ."

ತಿರುಗಿ ನೋಡಿದಾಗ ಅಮ್ಮ ಇರಲಿಲ್ಲ. ರಸ್ತೆಯ ಆ ಬದಿಯಲ್ಲಿ, ಎರಡೂ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು, ಏನಕ್ಕೂ ತಾಗಿಸದೆ, ಮನೆ ಕಡೆ ನಡೆದು ಹೋಗುತ್ತಿದ್ದಳು. ಮೇಸ್ತ್ರಿ ಗೇಟು ತೆರೆದು ಹಿಡಿದ.

ಅದಾದ ಮೇಲೆ ಹೇಳುವುದು ಹೆಚ್ಚೇನಿಲ್ಲ. ರೇಡಿಯೋ ಅಕ್ಕ ನನಗೆ ಚಕ್ರ ಕಲಿಸಿದಳು. ಮೊದಲ ವಾರ ಮೂರು ನಲ್ಲಿ ನನ್ನ ಕೈಯಿಂದ ಹಾರಿ ಗೋಡೆಗೆ ಬಡಿದವು, ಒಂದು ನನ್ನ ಕಿವಿಯ ಪಕ್ಕದಲ್ಲೇ ಹೋಯಿತು. ಮೇಣದ ಧೂಳು ಮೂಗಿನಲ್ಲಿ, ಹಲ್ಲಿನ ಸಂದಿಯಲ್ಲಿ, ಒಗೆದ ಬಟ್ಟೆಯಲ್ಲಿ. ಎರಡನೇ ತಿಂಗಳಿಗೆ ಹೆಬ್ಬೆರಳು ಸವರಿ ಗೀರು ಹುಡುಕುವುದು ಬಂತು. ಅಮ್ಮನಷ್ಟಲ್ಲ. ಮೇಸ್ತ್ರಿ ಅನುಮಾನ ಬಂದ ನಲ್ಲಿಯನ್ನು ಈಗಲೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಚಕ್ರದ ತನಕ ಬರುತ್ತಾನೆ, ನನ್ನನ್ನು ನೋಡುತ್ತಾನೆ, ವಾಪಸು ಹೋಗುತ್ತಾನೆ.

ಅಮ್ಮನ ಗೆರೆಗಳು ಐದನೇ ವಾರಕ್ಕೆ ಬಂದವು. ದಿನಾ ಬೆಳಿಗ್ಗೆ ಸ್ಟೀಲಿನ ತಟ್ಟೆಯ ಮೇಲೆ ಹೆಬ್ಬೆರಳು ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ದಿನ ತಟ್ಟೆಯನ್ನು ಅಜ್ಜಿಗೆ ತೋರಿಸಿದಳು. ಅಜ್ಜಿಯ ಕಣ್ಣಿಗೆ ಏನೂ ಕಾಣದಿದ್ದರೂ, "ಬಂದಿದೆ, ಬಂದಿದೆ," ಎಂದಳು. ಅಮ್ಮ ಹೋಗಿ ಗೇಟಿನ ಮುಂದೆ ನಿಂತಳು. ಮೇಸ್ತ್ರಿ ಅವಳ ಬೆರಳನ್ನು ನೋಡಿ, ಜಾಗ ಖಾಲಿಯಾದರೆ ಹೇಳಿ ಕಳಿಸುತ್ತೇನೆ ಎಂದ. ಅವಳ ಜಾಗದಲ್ಲಿ ನಾನಿದ್ದೆ. ಅವಳೀಗ ಕೆಳಗಿನ ದರ್ಜಿಯ ಹತ್ತಿರ ಗುಂಡಿ ಹೊಲಿಯುತ್ತಾಳೆ.

ನನ್ನ ಬಾಟಲಿಗಳನ್ನು ಯಾರೂ ಎಸೆಯಲಿಲ್ಲ. ಅಜ್ಜಿ ಅವನ್ನು ತೊಳೆದು ಬೇಳೆಕಾಳು ತುಂಬಿಟ್ಟಳು. ನನ್ನ ಚೀಟಿಗಳು ಇನ್ನೂ ಅಂಟಿಕೊಂಡಿವೆ.

ನಾನು ಬರುವ ಹೊತ್ತಿಗೆ ಅಮ್ಮ ಮೆಟ್ಟಿಲ ಬಳಿ ಕಾದಿರುತ್ತಾಳೆ. ಸ್ಟೂಲಿನ ಮೇಲೆ ಕೂರಿಸಿ, ಬಟ್ಟಲಿನಲ್ಲಿ ಉಗುರುಬೆಚ್ಚಗಿನ ಎಣ್ಣೆ ತಂದು, ಹತ್ತಿಯಲ್ಲಿ ಅದ್ದಿ, ನನ್ನ ಬೆರಳುಗಳನ್ನು ಒಂದೊಂದಾಗಿ ಸವರುತ್ತಾಳೆ. ಉಜ್ಜುವುದಿಲ್ಲ. ಮೇಲಿನ ಕಪ್ಪು ಸ್ವಲ್ಪ ಹೋಗುತ್ತದೆ, ಒಳಗಿನದು ಉಳಿಯುತ್ತದೆ. ನಾನು ಸೋಪಿಗೆ ಕೈ ಚಾಚಿದರೆ ಬಟ್ಟಲನ್ನು ಆಚೆ ಸರಿಸುತ್ತಾಳೆ.

"ಇರಲಿ. ಅಷ್ಟಿರಲಿ."

ಪ್ರತಿ ದಿನ ಬೆಳಿಗ್ಗೆ ಗೇಟಿನಲ್ಲಿ ಹೆಬ್ಬೆರಳಿಡಬೇಕು. ಮೂರು ಸಲ ಕೆಂಪು ಬಂದರೆ ಆ ದಿನ ಮನೆಗೆ. ಹಾಗೆ ಹತ್ತು ದಿನವಾದರೆ ಶಾಶ್ವತವಾಗಿ ಮನೆಗೆ. ಅದು ಅಮ್ಮನಿಗೂ ಗೊತ್ತು. ಎಣ್ಣೆ ಸವರುತ್ತ, ಕತ್ತೆತ್ತದೆ, ದಿನವೂ ಒಂದೇ ಪ್ರಶ್ನೆ ಕೇಳುತ್ತಾಳೆ.

"ಇವತ್ತು ಒಂದೇ ಸಲಕ್ಕೆ ಬಂತಾ?"

ನಿನ್ನೆ ಮೊದಲ ಸಲ ಕೆಂಪು ಬಂತು. ಬೆರಳನ್ನು ಬಟ್ಟೆಗೆ ಒರೆಸಿ ಮತ್ತೆ ಇಟ್ಟೆ, ಮತ್ತೆ ಕೆಂಪು. ಹಿಂದಿದ್ದವರು ಗೊಣಗಿದರು. ಮೂರನೆಯದಕ್ಕೆ ಹಸಿರು ಬಂತು, ತುಸು ಹೊತ್ತು ಯೋಚಿಸಿ.

"ಒಂದೇ ಸಲಕ್ಕೆ," ಎಂದೆ.

ಅಮ್ಮ ನನ್ನ ಹೆಬ್ಬೆರಳನ್ನು ತನ್ನ ಹೆಬ್ಬೆರಳಿನಿಂದ ಒಮ್ಮೆ ನಿಧಾನವಾಗಿ ಸವರಿದಳು. ಅವಳ ಬೆರಳು ಒಂದು ಕಡೆ ನಿಂತಿತು, ಗೀರು ಸಿಕ್ಕ ಹಾಗೆ. ಆಮೇಲೆ ಮುಂದಿನ ಬೆರಳು ಹಿಡಿದುಕೊಂಡಳು.